ಡಬ್ಬಿಯೊಳಗೆ ನಾಲ್ಕು ಕೀ

ಮಾಸ್ತಿಕಟ್ಟೆಗೆ ಬಂದಾಗ ಐದೂವರೆ.
ಹೆಡ್‌ಲೈಟ್ ಹಾಕಿದರೆ ಎದುರಿಗೊಂದು ಬಿಳಿ ಗೋಡೆ,
ಆರಿಸಿದರೆ ಕರಿ ಗೋಡೆ.
ಧನುರ್ಮಾಸದ ಕಾವಳ. ವೈಪರ್ ಒರೆಸುತ್ತದೆ,
ಒರೆಸಿದ್ದು ಏನನ್ನು ಅಂತ ಅದಕ್ಕೂ ಗೊತ್ತಿಲ್ಲ.

ಜಲಜಕ್ಕನ ಹೋಟೆಲಿನ ಮುಂದೆ ಆಗಲೇ ಮೂರು ವ್ಯಾನು,
ಮೂರೂ ನಮ್ಮ ಮಾಚೇನಹಳ್ಳಿ ಗೋಡೌನಿನವೇ:
ಗಫೂರನದು, ಸಿರಿಲನದು,
ಮೊನ್ನೆ ದೀಪಾವಳಿಗೆ ಸೇರಿದ ಸೊರಬದ ಹುಡುಗ ಮಧುಕೇಶನದು.

ಹೋಗು ಅಂತ ಯಾರೂ ಅನ್ನುವುದಿಲ್ಲ ನಮ್ಮನ್ನು.
ಲೋಹಿತ್ ಸಾರ್ ಮೆಸೇಜು ಬಹಳ ಮರ್ಯಾದೆಯದು:
“ಸೇಫ್ಟಿ ಮೊದಲು. ನಿಮ್ಮ ನಿರ್ಧಾರ ನಿಮಗೆ ಬಿಟ್ಟಿದ್ದು.”
ಅದರ ಕೆಳಗೆ ಇನ್ನೊಂದು:
“ಎಂಟರೊಳಗೆ ಹೊಸಂಗಡಿ ಮುಟ್ಟದ ಗಾಡಿಗೆ ಇವತ್ತು ಅರ್ಧ ಬಾಡಿಗೆ.”
ಎರಡರ ನಡುವೆ ಕೈ ಮುಗಿದ ಚಿತ್ರ.

ಚೀಟಿ ಓದುವ ಚಟ ನನಗೆ. ಹಿಂದೆ ಇದ್ದದ್ದು:
ಸಿದ್ದಾಪುರದ ಯಾರಿಗೋ ಮೊಬೈಲಿನ ಕವರು,
ಶಂಕರನಾರಾಯಣಕ್ಕೆ ಮಿಕ್ಸಿ ಜಾರು, ಅದೂ ಎರಡನೇ ಸಲ,
ಮೊದಲನೆಯದರ ಮುಚ್ಚಳ ಕೂರಲಿಲ್ಲವಂತೆ;
ಗೊಂಬೆಗೊಂದು ತೊಟ್ಟಿಲು; ಹದಿನಾಲ್ಕು ಜೊತೆ ಚಪ್ಪಲಿ.
ಚಪ್ಪಲಿ ಇಲ್ಲದೆ ಯಾರೂ ಸತ್ತಿಲ್ಲ, ಅಂದ ಗಫೂರ್.
ತಂದುಕೊಡಲು ಹೋಗಿ ಸಾಯಬಹುದು, ಅಂದ ಸಿರಿಲ್.
ನಗು ಬರಲಿಲ್ಲ. ಬಾಯಿಂದ ಹಬೆ ಬಂತು.

ಹೆದರಿಕೆ ಕಾವಳದ್ದಲ್ಲ.
ಹನ್ನೊಂದು ವರ್ಷ, ಹುಲಿಕಲ್ ಘಾಟಿಯ ತಿರುವು
ನನ್ನ ಮೊಣಕೈಗೇ ಗೊತ್ತು.
ಪಕ್ಕದವನು ಹೊರಟುಬಿಟ್ಟರೆ ಅನ್ನುವ ಹೆದರಿಕೆ.
ಒಬ್ಬ ಇಳಿದರೆ ದಾರಿ ಇದೆ ಅಂತಾಯಿತು,
ಆಮೇಲೆ ನಿಂತವನು ಸೋಮಾರಿ.
ಅದಕ್ಕೇ ಒಬ್ಬನ ಕೈ ಜೇಬಿಗೆ ಹೋದರೆ
ಮಿಕ್ಕವರ ಕಣ್ಣು ಅಲ್ಲಿಗೆ.
ಅವನು ತೆಗೆದದ್ದು ಬೀಡಿ.

ಜಲಜಕ್ಕ ಎಷ್ಟು ಹೊತ್ತು ನೋಡಿದಳೋ,
ಬಿಸ್ಕತ್ತಿನ ತಗಡು ಡಬ್ಬಿ ಬರಿದು ಮಾಡಿ ಎದುರಿಗೆ ಕುಕ್ಕಿದಳು:
“ಹಾಕಿ ಇದ್ರೊಳಗೆ. ಸುರಗಿ ಮರ ಕಂಡಾಗ ಕೊಡ್ತೀನಿ.”
ಸುರಗಿ ಮರ ರಸ್ತೆಯಾಚೆ, ಇಪ್ಪತ್ತೇ ಮಾರು.

ನಾಲ್ಕು ಕೀ ಬಿದ್ದವು, ನಾಲ್ಕು ಥರ ಸದ್ದು.
ನನ್ನದಕ್ಕೆ ಮಗಳು ಕಟ್ಟಿದ ಕೆಂಪು ಉಲ್ಲನ್ ದಾರ.
ಮುಚ್ಚಳದ ಮೇಲೆ ಅವಲಕ್ಕಿ ಪಾತ್ರೆ ಹೇರಿದಳು.
ಚಾಕ್ಕೆ ರುಚಿ ಬಂದದ್ದೇ ಆಗ.
ಸಿರಿಲ್ ಬೆಂಚಿನ ಮೇಲೆ ಕಾಲು ಚಾಚಿದ.
ಮಧುಕೇಶ ಮುಖ ತೊಳೆದು ಬರ್ತೀನಿ ಅಂತ ಎದ್ದ.
ಗಫೂರ್ ನಾದಿನಿ ಮದುವೆಯ ಬಿರಿಯಾನಿ ಸೀದ ಕಥೆಯಲ್ಲಿ
ಇನ್ನೂ ಒಲೆ ಹಚ್ಚಿರಲಿಲ್ಲ—

ಹೊರಗೆ ಗಾಡಿ ಸ್ಟಾರ್ಟ್ ಆಯಿತು.

ಹುಡುಗ ಡಬ್ಬಿಗೆ ಹಾಕಿದ್ದು ತನ್ನ ರೂಮಿನ ಕೀ.
ಹಿಂದಿನ ಕೆಂಪು ದೀಪ ಎರಡು ಮಾರು ಕಂಡಿತು.
ಆಮೇಲೆ ಬರೀ ಹಾರನ್. ಮೊದಲ ತಿರುವು. ಎರಡು.
ಚಂಡಿಕಾಂಬೆ ಗುಡಿಯ ಹತ್ತಿರವಿರಬೇಕು, ಉದ್ದಕ್ಕೆ ಒಂದು.
ಆಮೇಲೆ ಇಲ್ಲ.

ಆ ನಲವತ್ತು ನಿಮಿಷ ನಾನು ಬೇಡಿಕೊಂಡದ್ದನ್ನು
ಮನೆಯಲ್ಲಿ ಹೇಳಿಲ್ಲ.
ಹುಷಾರಾಗಿ ಇಳಿಯಲಿ ಅಂದದ್ದು ನಿಜ.
ಒಂದು ಚಕ್ರ, ಒಂದೇ ಒಂದು, ಚರಂಡಿಗೆ ಇಳಿದು ನಿಲ್ಲಲಿ,
ಮೈಗೇನೂ ಆಗದ ಹಾಗೆ,
ಅಂದದ್ದೂ ನಿಜ.

ಏಳು ಐವತ್ತಕ್ಕೆ ಫೋನು. “ಮುಟ್ಟಿದೆ ಅಣ್ಣ.
ಏನೂ ಕಾಣ್ಲಿಲ್ಲ. ಕಿಟಕಿ ಇಳಿಸ್ಕೊಂಡು ಕಿವಿಯಲ್ಲೇ ಓಡಿಸ್ದೆ.
ಬೈಬೇಡಿ.”
ದನಿ ಚಳಿಗಿಂತ ಹೆಚ್ಚು ನಡುಗುತ್ತಿತ್ತು.
ಸಿರಿಲ್ ಎದೆಯ ಮೇಲೆ ಶಿಲುಬೆ ಬರೆದುಕೊಂಡ,
ಆಮೇಲೆ ಬೆಂಚಿಗೆ ಒದ್ದ.

ಎಂಟಕ್ಕೆ ಸರಿಯಾಗಿ ಲೋಹಿತ್ ಸಾರ್:
“ಮಧುಕೇಶ ಹೋದನಲ್ಲ?”
ಈ ಸಲ ಕೈ ಮುಗಿದಿರಲಿಲ್ಲ.

ಏನು ಬರೆಯುವುದು. ಅವನು ಬದುಕಿದ್ದೇ
ನಮ್ಮ ಮೇಲಿನ ಸಾಕ್ಷಿ.

ಒಂಬತ್ತೂಕಾಲಿಗೆ ಸುರಗಿ ಮರ ಬಂತು,
ಮೊದಲು ಬುಡ, ಬುಡಕ್ಕೆ ಕಟ್ಟಿದ್ದ ಕರು,
ತುಂಬಾ ಹೊತ್ತಿನ ಮೇಲೆ ತುದಿ.
ಮೂರು ಕೀ ನಾವು ತಗೊಂಡೆವು. ಒಂದು ಉಳಿಯಿತು.
ರಾತ್ರಿ ರೂಮಿಗೆ ಹೋಗಬೇಕಾದರೆ
ಘಾಟಿ ಹತ್ತಿ ಇಲ್ಲೇ ಇಳಿಯಬೇಕು ಅವನು.

ಜಲಜಕ್ಕ ಕೀ ತೆಗೆಯಲಿಲ್ಲ,
ಅದರ ಮೇಲೇ ಬಿಸ್ಕತ್ತು ಸುರಿದು ತುಂಬಿದಳು.
“ಬರ್ಲಿ,” ಅಂದಳು, “ಎಲ್ಲಾ ತಿಂದು ಮುಗಿಸ್ಲಿ.”