ಅಳಿಸಬೇಕೇ?

ನನ್ನ ಆಯಿ ಹೆಬ್ಬೆಟ್ಟಿನವಳು.
ಕಲಬುರಗಿಯಿಂದ ಬಂದು ವಡಾಳಾದಲ್ಲಿ ಜಲ್ಲಿ ಹೊತ್ತು
ಶನಿವಾರಕ್ಕೊಮ್ಮೆ ಮಸ್ಟರಿನ ಮೇಲೆ ನೀಲಿ ಬೆರಳೊತ್ತಿ
ಸೆರಗಿಗೆ ಒರೆಸಿಕೊಂಡು
ಅದೇ ಸೆರಗಿನಲ್ಲಿ ಕೂಲಿ ಗಂಟು ಕಟ್ಟಿದವಳು.

ನಾನು ಬಿ.ಕಾಂ. ಓದಿದೆ.
ಆದರೂ ಎಂಟು ಹದಿನಾಲ್ಕರ ಫಾಸ್ಟ್ ಲೋಕಲಿನಲ್ಲಿ
ಡೊಂಬಿವಲಿಯಿಂದ ಭಾಯಖಳಾ ತನಕ
ನನ್ನ ಇಡೀ ಕಚೇರಿ ನಡೆಯುವುದು
ಹೆಬ್ಬೆಟ್ಟಿನ ಮೇಲೆಯೇ.

ಒಂದು ಕೈ ಹಿಡಿಕೆಗೆ, ಒಂದು ಕೈ ಫೋನಿಗೆ,
ಯಾರದೋ ಚೀಲ ಬೆನ್ನಿಗೆ, ಯಾರದೋ ಮೊಗ್ರಾ ಮೂಗಿಗೆ.
ಸಾಹೇಬರ ಕೊಟೇಶನ್ನಿಗೆ ಜಿಎಸ್‌ಟಿ ಸೇರಿಸಿ ಕಳಿಸಿದ್ದು ದಿವಾದಲ್ಲಿ.
ಪಿಡಿಎಫ್ ಮೇಲೆ ಬೆರಳಿನಲ್ಲಿ ಹಾಕಿದ ಸಹಿ
ಗಾಡಿ ಹಳಿ ಬದಲಿಸುವಾಗ ಜಾರಿ
ಬಿಸಿಲಿಗೆ ಬಿದ್ದ ಎರೆಹುಳವಾಯಿತು.
ಬ್ಯಾಂಕು ಒಪ್ಪಿಕೊಂಡಿತು.

ಫೋನಿನ ಭಾಷೆ ಕನ್ನಡಕ್ಕೆ ತಿರುಗಿಸಿದ್ದೇನೆ.
ಅಭಿಮಾನ ಅಂದುಕೊಳ್ಳಬೇಡಿ.
ಹೆಗಲ ಮೇಲಿಂದ ಇಣುಕುವ ಕಣ್ಣಿಗೆ
ಯಾವ ಗುಂಡಿ ಒತ್ತಿದೆನೆಂದು ತಿಳಿಯದಿರಲಿ ಅಂತ.
ಯಾಕೆಂದರೆ ಡಬ್ಬಿಯ ಭಿಶಿ ಲೆಕ್ಕ ನನ್ನ ಕೈಲಿ:
ಹನ್ನೆರಡು ಹೆಂಗಸರು, ತಿಂಗಳಿಗೆ ಎರಡೆರಡು ಸಾವಿರ.
ಮೊದಲು ಡೈರಿಯಿತ್ತು. ಮಳೆಗೆ ನೆನೆದು
ಕುಂದಾತಾಯಿಯ ಜೂನ್ ಅವಳದೇ ಆಗಸ್ಟಿಗೆ ಅಂಟಿಕೊಂಡ ಮೇಲೆ
ಹೇಮಾಂಗಿ ಗುರವ ಕಲಿಸಿಕೊಟ್ಟಳು, ನಿಂತೇ, ವಡಾಪಾವ್ ಬಾಯಲ್ಲಿಟ್ಟು:
ಹೆಸರಿನ ಕಂಬಸಾಲನ್ನು ಹೀಗೆ ಹಿಡಿದು ನಿಲ್ಲಿಸು,
ತಿಂಗಳು ಎಷ್ಟು ಸರಿದರೂ
ಹೆಸರು ಸರಿಯಬಾರದು.

ಒಂಬತ್ತನೆಯ ಸಾಲು ಹೇಮಾಂಗಿಯದು.
ಮೇ ತಿಂಗಳಲ್ಲಿ ಚೀಟಿ ಅವಳಿಗೆ ಎದ್ದಿತು. ಜೂನ್ ಕಟ್ಟಿದಳು.
ಜುಲೈಯಲ್ಲಿ ಅವಳ ಆಫೀಸು ಕದ ಹಾಕಿತು.
ಆಮೇಲೆ ಎರಡು ಕೋಶ ಖಾಲಿ.
ಸಾಲಕ್ಕೂ ಸಾಲಿಗೂ ನಡುವೆ ಒಂದೇ ಒಂದು ಕೊಂಬು;
ಅದೀಗ ಡಬ್ಬಿಯ ಎಲ್ಲರ ಹಣೆಯಲ್ಲಿ.
ತೆಗೆದುಹಾಕು ಅವಳನ್ನು, ಎಂದಳು ಕುಂದಾತಾಯಿ.
ಮೆಹಜಬೀನ್ ಕಿಟಕಿಯಾಚೆ ನೋಡಿದಳು.

ಸಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದೆ.
ಫೋನು ಬಲು ವಿನಯದಿಂದ ಕೇಳಿತು:
ಅಳಿಸಬೇಕೇ?
ಯಾವುದನ್ನು ಅನ್ನಲಿಲ್ಲ. ಯಾರನ್ನು ಅನ್ನಲಿಲ್ಲ.

ಅಷ್ಟರಲ್ಲಿ ಮುಂಬ್ರಾದ ಗುಡ್ಡ ಅಡ್ಡ ಬಂದು
ನೆಟ್‌ವರ್ಕ್ ಹೋಯಿತು.
ಪರದೆಯ ನಡುವೆ ಪುಟ್ಟ ಚಕ್ರವೊಂದು
ಮೇಲಿನ ದೇವಿಗೆ ಹರಕೆ ಹೊತ್ತ ಹಾಗೆ
ಸುತ್ತಿದ್ದೇ ಸುತ್ತಿದ್ದು.

ಖಾಡಿ ದಾಟುವಾಗ ಹಾಳೆಗೆ ಜೀವ ಬಂತು.
ನೋಡಿದರೆ ಒಂಬತ್ತನೆಯ ಸಾಲಿನಲ್ಲಿ ನೇರಳೆ ಚೌಕ,
ಅದರ ನೆತ್ತಿಯ ಮೇಲೆ ಹೆಸರು: ಹೇಮಾಂಗಿ.
ಠಾಕುರ್ಲಿಯಲ್ಲಿ, ಕುಕ್ಕರಿನ ಪಕ್ಕದಲ್ಲೋ ಎಲ್ಲೋ,
ನಮ್ಮ ಗಾಡಿಯ ಹೊತ್ತಿಗೆ ಸರಿಯಾಗಿ
ಅವಳೂ ಹಾಳೆ ತೆರೆದು ಕೂತಿದ್ದಾಳೆ.
ಚೌಕ ಜುಲೈಗೆ ಹೋಯಿತು. ಆಗಸ್ಟಿಗೆ ಬಂತು.
ಚಪ್ಪಲಿ ಕಳಚಲೋ ಬೇಡವೋ ಎಂದು
ಹೊಸ್ತಿಲಲ್ಲಿ ನಿಂತವರ ಹಾಗೆ.
ಅಂಕಿ ಬೀಳಲಿಲ್ಲ.
ಕೊನೆಗೆ ಷರಾದ ಕೋಶದಲ್ಲಿ ಮೂಡಿತು:
ಆಜ್ ಖಿಡಕೀಪಾಶೀ ಕೋಣ?
ಇವತ್ತು ಕಿಟಕಿ ಯಾರಿಗೆ?

ಠಾಣೆ ಬಂತು. ಇಳಿಯುವವರ ಮೊಣಕೈ, ಹತ್ತುವವರ ಶಾಪ.
ಮೆನುವಿನ ಕೆಳಗೆ ಇನ್ನೊಂದು ಮಾತಿತ್ತು, ಮರೆಮಾಡು.
ಒತ್ತಿದೆ. ಎಂಟಾದ ಮೇಲೆ ಹತ್ತು.
ಕುಂದಾತಾಯಿ ಇಣುಕಿ ತಲೆಯಾಡಿಸಿದಳು, ಸಮಾಧಾನ.
ಆದರೆ ಕಾಣದ ಸಾಲನ್ನೂ ಬಿಡದೆ ಕೂಡಿಸುತ್ತದೆ ಈ ಹಾಳೆ;
ಬುಡದಲ್ಲಿ ಮೊತ್ತ ಹಾಗೆಯೇ, ನಾಲ್ಕು ಸಾವಿರ ಕಮ್ಮಿ, ಕೆಂಪಗೆ.

ಅವಳ ಫೋನಿನಲ್ಲೂ ಅವಳು ಮರೆಯಾಗಿರುತ್ತಾಳೆ
ಎಂದು ಹೊಳೆದದ್ದು ಘಾಟಕೋಪರದಲ್ಲಿ.
ಬಾಗಿದ ಬಾಣ ಒತ್ತಿದೆ, ಎರಡು ಸಲ, ಗಾಬರಿಯಲ್ಲಿ.
ಒಂಬತ್ತು ಮರಳಿ ಬಂತು. ನೇರಳೆ ಚೌಕವಿಲ್ಲ.
ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.
ಪಕ್ಕದಲ್ಲಿ ಬರೆದೆ:
ಮೆಹಜಬೀನ್. ಬಾಯಿ ತೆರೆದು ನಿದ್ದೆ ಮಾಡ್ತಿದ್ದಾಳೆ.
ಕನ್ನಡದಲ್ಲಿ ಬರೆದುಬಿಟ್ಟಿದ್ದೆ; ಅಳಿಸಿ, ಮರಾಠಿಯಲ್ಲಿ ಬರೆದೆ.

ಉಳಿಸಲಾಗಿದೆ, ಅಂದಿತು ಫೋನು.

ಭಾಯಖಳಾದಲ್ಲಿ ಇಳಿದು ಸೇತುವೆ ಹತ್ತುವಾಗ
ಹೆಬ್ಬೆರಳನ್ನು ಓಢಣಿಗೆ ಒರೆಸಿಕೊಳ್ಳುತ್ತಿದ್ದೆ.
ಮಸಿಯೇನೂ ಇರಲಿಲ್ಲ.