ಹತ್ತು ಓಮ್

ಎಸ್ಪನ್ಯೋಲಾದ ಹೊರಗೆ, ನದಿಗಿಳಿಯುವ ಮಣ್ಣುದಾರಿಯ
ನನ್ನ ತಗಡಿನ ಶೆಡ್ಡಿಗೆ
ಶನಿವಾರ ಬೆಳಿಗ್ಗೆ ಬಂದ ಅಡೆಲ್ಮೋ.
ಅರವತ್ತನಾಲ್ಕರ ಇಂಪಾಲಾ,
ಹೊಟ್ಟೆ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಷ್ಟು ತಗ್ಗಿ
ಬಸುರಿ ಬೆಕ್ಕಿನ ಹಾಗೆ ಮೆಲ್ಲಗೆ.

"ಚಿಕ್ಕಜ್ಜನ ಗಾಡಿ, ದೋನ್ಯಾ ಒರ್ಫೆಲಿಂಡಾ. ಈಗ ನನ್ನದು.
ರೇಡಿಯೋ ಕಂಪನಿಯದ್ದೇ ಇರಲಿ,
ಸ್ಪೀಕರ್ ಮಾತ್ರ ಇದನ್ನು ಹಾಕಿಕೊಡಿ."
ಹೊಸ ಡಬ್ಬಿ. ಬೆಳ್ಳಿ ಅಂಚು, ನಾಲ್ಕು ಓಮ್,
ಮುನ್ನೂರು ವ್ಯಾಟ್ ಎಂದು ಬರೆದುಕೊಂಡಿದೆ.
ಬರೆಯುವವರ ಕೈ ಯಾರು ಹಿಡಿದಾರು.

ಬೇಡ, ಎಂದೆ.

ಇದು ಹಳೇ ಕಾಲದ ರೇಡಿಯೋ, ಮಗಾ.
ಎದುರಿಗೆ ಹತ್ತು ಓಮ್ ತಡೆ ಇದ್ದರೇನೇ
ತನ್ನ ಮಾತಿನ ಅಳತೆ ಇದಕ್ಕೆ ತಿಳಿಯುವುದು.
ನಾಲ್ಕರದ್ದು ಕೂರಿಸಿದೆಯೋ,
ಎದುರಾಡುವವರಿಲ್ಲದ ಮನೆಯ ಯಜಮಾನನಂತೆ
ಮೊದಲು ಜೋರಾಗುತ್ತದೆ,
ಆಮೇಲೆ ಬಿಸಿಯಾಗುತ್ತದೆ,
ಮೂರನೇ ಹಾಡಿಗೆ ಒಳಗಿನ ಟ್ರಾನ್ಸಿಸ್ಟರ್
ಸೀದ ಬೆಳ್ಳುಳ್ಳಿಯ ವಾಸನೆ ಬಿಟ್ಟು ತೆಪ್ಪಗಾಗುತ್ತದೆ.
ಸ್ಪೀಕರಿಗೆ ಏನೂ ಆಗಿರುವುದಿಲ್ಲ, ನೆನಪಿಡು.
ಸುಡುವುದು ಯಾವಾಗಲೂ ಮಾತಾಡಿದ್ದೇ.

ನಕ್ಕ. ನಕ್ಕರೆ ಎಡಗೆನ್ನೆ ಮಾತ್ರ ಗುಳಿ ಬೀಳುತ್ತದೆ,
ಆ ಮನೆತನವೇ ಹಾಗೆ.

ಆಶ್‌ಟ್ರೇ ತೆಗೆದೆ. ಗ್ಲೋವ್ ಬಾಕ್ಸ್ ಬಿಚ್ಚಿದೆ.
ಸೀಟಿನ ಮೇಲೆ ಅಂಗಾತ ಮಲಗಿ ಡ್ಯಾಶಿನಡಿ ತಲೆ ತೂರಿಸಿದೆ.
ಅರವತ್ತೆಂಟರ ಬೆನ್ನು ಇದಕ್ಕೆ ಒಪ್ಪುವುದಿಲ್ಲ,
ಬೈಯುತ್ತಲೇ ಬಗ್ಗುತ್ತದೆ.
ಕಣ್ಣಿಗೆ ಕಾಣದ ನಾಲ್ಕು ನಟ್ಟು. ಮೂರು ಬಂದವು.
ನಾಲ್ಕನೆಯದು ತುಕ್ಕಿನ ಜೊತೆ ಸಂಸಾರ ಹೂಡಿತ್ತು.
ಎಣ್ಣೆ ಬಿಟ್ಟು ಕಾದೆವು.
ಹುಡುಗ ಹೇಳುತ್ತಿದ್ದ, ಗುಡ್ ಫ್ರೈಡೆಯ ದಿನ
ಚಿಮಾಯೋಗೆ ನಡೆದು ಹೋಗುವವರ ಪಕ್ಕದಲ್ಲೇ
ಅವರ ಹೆಜ್ಜೆಗೆ ಸರಿಯಾಗಿ ಗಾಡಿ ಓಡಿಸುತ್ತಾನಂತೆ.
ಒಳ್ಳೆಯದು ಎಂದೆ, ಡ್ಯಾಶಿನ ಒಳಗಿಂದ.

ಬಂತು ಕೊನೆಗೆ. ಜೊತೆಗೆ ಒಂದು ಹಿಡಿ ಪಿನ್ಯೋನ್ ಸಿಪ್ಪೆ
ನನ್ನ ಮುಖದ ಮೇಲೆ ಸುರಿಯಿತು:
ಯಾವ ಚಳಿಗಾಲದ ಇಲಿಯೋ
ಹಾಡಿನ ಬೆನ್ನಿಗೆ ಒರಗಿ ಊಟ ಮುಗಿಸಿದೆ.

ಬೆಳಕಿಗೆ ಹಿಡಿದೆ. ಕಾಗದದ ಕೋನು,
ತಂಬಾಕಿನ ಬಣ್ಣ, ಅಂಚೆಲ್ಲ ಪುಡಿ ಪುಡಿ.
ನಡುವೆ ಕಿರುಬೆರಳುದ್ದದ ಸೀಳು,
ಸೀಳಿನ ಮೇಲೆ ಕೆಂಪು.

ನೇಲ್ ಪಾಲಿಶ್.
ಔಷಧಿ ಅಂಗಡಿಯ ಅಗ್ಗದ ಚೆರ್ರಿ ಕೆಂಪು.
ಮೂರು ಗೆರೆ ನೆಟ್ಟಗಿವೆ, ನಾಲ್ಕನೆಯದು ಅಲುಗಿದೆ,
ಯಾರೋ ಕುತ್ತಿಗೆಗೆ ಉಫ್ ಎಂದು ಊದಿದ್ದರು.
ಎಪ್ಪತ್ತೆಂಟರ ಆಗಸ್ಟ್. ನದಿ ದಂಡೆ. ಎರಡೂ ಬಾಗಿಲು ತೆರೆದಿತ್ತು.
ಹಾಡು ಗೊರಗೊರ ಎನ್ನುತ್ತಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ,
ನನ್ನ ಚೀಲದಲ್ಲಿದ್ದ ಅಂಟು ಅದೊಂದೇ.
ಈ ಕಸುಬು ಅಲ್ಲಿಂದ ಶುರುವಾಯಿತು.
ಉಳಿದದ್ದು ಶುರುವಾಗಲಿಲ್ಲ.
ಚಳಿ ಬೀಳುವ ಮೊದಲೇ ಸೆಫೆರಿನೋ ಮದುವೆಯಾದ,
ನಾಲ್ಕು ಓಮ್‌ನವಳನ್ನು.
ಅಲ್ಲ, ಇದು ಹೊಟ್ಟೆಕಿಚ್ಚು. ಅವಳು ಒಳ್ಳೆಯವಳು,
ಇದ್ದಷ್ಟು ದಿನ ಪ್ರತಿ ಕ್ರಿಸ್‌ಮಸ್‌ಗೆ ತಮಾಲೆ ಕಳಿಸಿದಳು,
ಬಿಸಿಯಿರುವಾಗಲೇ.

"ಏನದು, ರಕ್ತವಾ?"
ಹಳೇ ರಿಪೇರಿ ಎಂದೆ. ಯಾರೋ ಕಲಿಯುತ್ತಿದ್ದವರು ಮಾಡಿದ್ದು.

ಅಟ್ಟದ ಮೇಲಿಂದ ಹತ್ತರದ್ದು ಇಳಿಸಿ ಕೂರಿಸಿದೆ.
ಗುಂಡಿ ತಿರುಗಿಸಿದ. ಮೊದಲು ಗಾಳಿ, ಆಮೇಲೆ ಅಕಾರ್ಡಿಯನ್,
ಆಮೇಲೆ ಯಾರದೋ ಸಾವಿನ ಸುದ್ದಿ,
ರೋಸರಿ ಪ್ರಾರ್ಥನೆ ಸಂಜೆ ಏಳಕ್ಕೆ.
"ಜೋರೇ ಇಲ್ಲವಲ್ಲ."
ಕಿಟಕಿ ಏರಿಸು ಎಂದೆ.

ಅರವತ್ತು ಡಾಲರ್.
ಹಳೆಯದನ್ನು ಇಲ್ಲೇ ಬಿಟ್ಟರೆ ಐವತ್ತು.
ಗೆದ್ದವನಂತೆ ಐವತ್ತು ಎಣಿಸಿ ಹೋದ.

ಧೂಳು ಕೂತ ಮೇಲೆ
ಹಳೆಯದರ ಎರಡು ಕಿವಿಗೆ ಮೀಟರು ತಾಗಿಸಿದೆ.
ಮುಳ್ಳು ಎದ್ದಿತು. ತಂತಿ ಕಡಿದಿಲ್ಲ.
ಒಂಬತ್ತು ತೋರಿಸಿತು.
ಹತ್ತು ಎಂದು ಮುದ್ರೆ ಒತ್ತಿದವರಿಗೂ ಗೊತ್ತಿರುತ್ತದೆ,
ಅಳೆಯಲು ಹೋದರೆ
ಸ್ವಲ್ಪ ಕಡಿಮೆಯೇ ಬರುತ್ತದೆ.