ಏಳನೇ ಕ್ಯಾಮೆರಾದ ಜೇಡ

ನನ್ನ ಕುರ್ಚಿ ಲೇವಾರ್ಡನ್ನಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ.
ನನ್ನ ಸೇತುವೆಗಳು ಹದಿನಾಲ್ಕು,
ಒಂದೂ ಈ ಕಿಟಕಿಗೆ ಕಾಣುವುದಿಲ್ಲ.
ಕಿಟಕಿಯಾಚೆ ಇರುವುದು ಸೈಕಲ್ ಶೆಡ್ಡು,
ಎಲೆ ಉದುರಿಸುತ್ತಿರುವ ಒಂದು ಲಿಂಡನ್ ಮರ.

ಫ್ರೀಸ್‌ಲಾಂಡಿನ ಕಾಲುವೆಗಳು ಪರದೆಯ ಮೇಲೆ
ನೀಲಿ ಗೆರೆಗಳಾಗಿ ಮಲಗಿವೆ.
ದೋಣಿ ಬಂದರೆ ರೇಡಿಯೋ ಕೆಮ್ಮುತ್ತದೆ:
"ಬೌಕ್ಯೆ, ಮರಳು ತುಂಬಿಕೊಂಡು ಬಂದಿದ್ದೇನೆ, ತೆಗೀತೀಯಾ?"
ತೆಗೀತೀನಿ ಅನ್ನುತ್ತೇನೆ.
ನಿಜ ಹೇಳಬೇಕೆಂದರೆ ನಾನು ತೆಗೆಯುವುದಿಲ್ಲ,
ಕೇಳಿಕೊಳ್ಳುತ್ತೇನೆ.

ಮೊದಲು ಕೆಂಪು ದೀಪ. ಹತ್ತಿತು ಅಂತ ಅಲ್ಲಿಂದ ಮಾತು ಬರಬೇಕು.
ಆಮೇಲೆ ಅಡ್ಡಗಂಬ. ಇಳಿಯಿತು ಅಂತ ಬರಬೇಕು.
ಅಗಳಿ ಸರಿಯಬೇಕು, ಸರಿದೆ ಅನ್ನಬೇಕು.
ನೀರಂಚಿನ ಉಕ್ಕಿನ ಪೆಟ್ಟಿಗೆಯೊಳಗೆ ಕೂತು
ನಿದ್ದೆಗೆಡದ, ನಿದ್ದೆ ಮಾಡದ ಒಬ್ಬ ಗುಮಾಸ್ತ
ಒಂದೊಂದಕ್ಕೂ ಹೂಂಗುಟ್ಟುತ್ತಾನೆ.
ಹೂಂ ಬಾರದೆ ಮುಂದಕ್ಕಿಲ್ಲ;
ಕತೆ ಹೇಳುವ ಅಜ್ಜಿಯಂದಿರಿಗೂ ಇದೇ ನಿಯಮ.

ಗುಂಡಿ ಒತ್ತಿದ್ದಕ್ಕೂ ಹೂಂ ಬಂದಿದ್ದಕ್ಕೂ ನಡುವೆ
ಒಂದು ಸೆಕೆಂಡು, ಮೇಲೊಂದು ಚೂರು.
ಹನ್ನೊಂದು ವರ್ಷದಿಂದ ನಾನು ಉಸಿರು ಹಿಡಿಯುವುದು ಅಲ್ಲೇ.
ಸಂಬಳ ಕೊಡುವುದೂ, ನನ್ನ ಲೆಕ್ಕದಲ್ಲಿ, ಅಷ್ಟಕ್ಕೇ.

ಏಳನೇ ಸೇತುವೆಗೆ ಮೊದಲು ತ್ಯಾಲಿಂಗ್ ಇದ್ದ.
ಗಾಳದ ಕೋಲಿಗೆ ಮರದ ಚಡಾವು ಕಟ್ಟಿ
ಹಾದುಹೋಗುವ ದೋಣಿಯ ಮುಂದೆ ತೂಗಾಡಿಸಿ
ಚಿಲ್ಲರೆ ಸುಂಕ ಹಿಡಿಯುತ್ತಿದ್ದವನು.
ಒಂದು ವಾರ ನನಗೆ ಕಲಿಸಿದ:
ಬಿಸಿಲಿಗೆ ಉಕ್ಕು ಉಬ್ಬುತ್ತದೆ, ನೀರು ಹೊಯ್ಯಬೇಕು.
ಹಿಮ ಬಿದ್ದ ಬೆಳಿಗ್ಗೆ ಹಲಗೆ ಬೇರೆ ಸ್ವರ ಹಿಡಿಯುತ್ತದೆ,
ಅದನ್ನು ಅಂಗಾಲಿನಿಂದ ಕೇಳಬೇಕು.
ಬರೆದುಕೊಂಡೆ. ಯಾವ ಕೋಷ್ಟಕದಲ್ಲೂ ಅದಕ್ಕೆ ಜಾಗ ಸಿಗಲಿಲ್ಲ.

ಸೆಪ್ಟೆಂಬರಿನ ಒಂದು ರಾತ್ರಿ ಎರಡೂ ಮೂವತ್ತಕ್ಕೆ
ಏಳನೇ ಕ್ಯಾಮೆರಾದ ಬಿಸುಪಿಗೆ ಜೇಡ ಬಂದು ಕೂತಿತು.
ಪರದೆಯ ತುಂಬ ಹಗ್ಗದಷ್ಟು ದಪ್ಪ ಬಿಳಿ ನೂಲು,
ಅಡ್ಡಗಂಬದಷ್ಟು ಉದ್ದ ಒಂದು ಕಾಲು.
ಒರೆಸುವ ಕಡ್ಡಿ ಆಡಿಸಿದೆ.
ಜೇಡ ಜೋಕಾಲಿ ಆಡಿ ಮತ್ತೆ ನೇಯಲು ಕೂತಿತು.

ಪಟ್ಟಿಯ ಮೇಲೆ ಎಲ್ಲವೂ ಹಸಿರು.
ಹಲಗೆಯ ಮೇಲೆ ಯಾರೂ ಇಲ್ಲ ಅನ್ನುತ್ತಿದೆ ಯಂತ್ರ.
ಮರಳು ದೋಣಿಗೆ ಅಡ್ಡಗಾಳಿ, ರೇಡಿಯೋದಲ್ಲಿ ಬೈಗುಳ.
ರಿಪೇರಿ ವ್ಯಾನು ಸ್ನೇಕ್‌ನಿಂದ ಬರಲು ನಲವತ್ತು ನಿಮಿಷ.
ನೋಡದೆ ತೆಗೆಯಬಾರದು; ನಿಯಮ ಹೇಳುವುದು ಇಷ್ಟೇ,
ನೋಡುವುದು ಅಂದರೆ ಏನು ಅಂತ ಹೇಳುವುದಿಲ್ಲ.

ತ್ಯಾಲಿಂಗನಿಗೆ ಫೋನು ಮಾಡಿದೆ. ಎರಡನೇ ಗಂಟೆಗೇ ಎತ್ತಿದ.
"ಇಂಜಿನ್ನು ಕೇಳ್ತಾ ಇದೆ. ಯಾಕೆ ನಿಲ್ಲಿಸಿದ್ದೀಯ ಅವನನ್ನ?"

ಬಿಳಿ ಮಬ್ಬಿನಾಚೆ ಏನೋ ಅಲ್ಲಾಡಿತು.
ಅದೇ ಗಾಳದ ಕೋಲು. ಚಡಾವಿನ ಜಾಗದಲ್ಲಿ
ಉಣ್ಣೆಯ ಕಾಲುಚೀಲ.
ಎರಡು ಸಲ ಉಜ್ಜಿದ.

ಸೇತುವೆ ಖಾಲಿ ಇತ್ತು.
ಯಂತ್ರ ಹೇಳಿದ್ದು ಅಕ್ಷರಕ್ಷರ ನಿಜ.
ಈಗ ಮಾತ್ರ ನಡುಮಧ್ಯೆ ಒಬ್ಬ ಮುದುಕ,
ನೈಟ್‌ಡ್ರೆಸ್ಸಿನ ಮೇಲೆ ಮಳೆಕೋಟು,
ಕ್ಯಾಮೆರಾದತ್ತ ಹಲ್ಲುಸೆಟ್ಟು ಇಲ್ಲದ ನಗು.
ಪಟ್ಟಿಯಲ್ಲಿ ಒಂದು ಸಾಲು ಕೆಂಪಾಯಿತು, ಸರಿಯಾಗಿಯೇ.

ಧ್ವನಿವರ್ಧಕದಲ್ಲಿ ಅಂದೆ, ಆ ಕತ್ತಲಿಗೆಲ್ಲ ಕೇಳುವಂತೆ:
"ತ್ಯಾಲಿಂಗ್, ದಯವಿಟ್ಟು ಅಡ್ಡಗಂಬದಾಚೆ ಹೋಗು."
ಹೋದ. ನಿಧಾನಕ್ಕೆ, ಪ್ರತಿ ಹೆಜ್ಜೆಯನ್ನೂ ಅಂಗಾಲಿನಿಂದ ಕೇಳುತ್ತ.

ಹೂಂ. ಹೂಂ. ಹೂಂ.
ಅರವತ್ತು ಟನ್ ರಸ್ತೆ ಎದ್ದು ನಿಂತಿತು.

ವರದಿಯಲ್ಲಿ ಬರೆಯಬೇಕಿತ್ತು, ಗಾಜು ಒರೆಸಿದ್ದು ಯಾರು:
ಗುತ್ತಿಗೆದಾರ, ಸಿಬ್ಬಂದಿ, ಇತರೆ.
ಇತರೆ ಅಂತ ಒತ್ತಿದೆ.

ದೋಣಿ ಹಾಯುವಾಗ ದಡದಿಂದ ಕೋಲು ಚಾಚಿದ್ದನ್ನು ಕಂಡೆ.
ಒಂದು ಕೈ ಹೊರಬಂದು
ಕಾಲುಚೀಲದೊಳಗೆ ಏನನ್ನೋ ಹಾಕಿತು.
ಏನು ಅನ್ನುವುದು ಕ್ಯಾಮೆರಾಕ್ಕೆ ಸಿಕ್ಕಲಿಲ್ಲ.
ಕೇಳಿದರೆ ಅವನೂ ಬಾಯಿ ಬಿಡುವುದಿಲ್ಲ.